ನಂಜಪ್ಪನವರ ಗುರಿ ತಪ್ಪಿದ್ದೇಕೆ

1979ರಲ್ಲಿ ನಾನು ಚಾಮರಾಜಪೇಟೆಯ ಒಂದು ಧರ್ಮಾರ್ಥ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ಸಹಾಯಕ ವೈದ್ಯನಾಗಿದ್ದೆ. ಎಂಬತ್ತೂ ಇರಬಹುದು. ಇಸವಿಗಳ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬುವುದಿಲ್ಲ. ಉಳಿದದ್ದನ್ನೂ ಅನುಮಾನಿಸುತ್ತಲೇ ಬರೆಯುತ್ತಿದ್ದೇನೆ. ಅಂದು ಹುಟ್ಟಿದ ಭಯದ ಬಗ್ಗೆ ಮಾತ್ರ ಅನುಮಾನವಿಲ್ಲ.

ಬಿಡುವಿದ್ದಾಗ ಗಾಂಧಿ ಬಜಾರಿನ ಹತ್ತಿರದ ಒಂದು ಕ್ಲಬ್ಬಿಗೆ ಬಿಲಿಯರ್ಡ್ಸ್ ಆಡಲು ಹೋಗುತ್ತಿದ್ದೆ. ಇದ್ದದ್ದು ಒಂದೇ ಮೇಜು, ಆಡುವವರೆಲ್ಲ ಹವ್ಯಾಸಿಗಳು. ಸೈನ್ಯದಿಂದ ನಿವೃತ್ತರಾದ ಹಳೆಯ ಸದಸ್ಯರೊಬ್ಬರು ಬಂದೂಕಿನ ಅಭ್ಯಾಸವನ್ನು ಇಲ್ಲಿಗೂ ತಂದು, ಎಲ್ಲರಿಗೂ ಅಂಟಿಸಿ ಹೋಗಿದ್ದರು: ಕೋಲಿನ ಮೇಲೆ ಬಾಗಿದೊಡನೆ ಎಡಗಣ್ಣು ಮುಚ್ಚಬೇಕು, ಬಲಗಣ್ಣಿನಲ್ಲೇ ಗುರಿ ನೋಡಬೇಕು. ಇದು ತಪ್ಪು ಪದ್ಧತಿ. ಆಟ ಬಲ್ಲವರು ಎರಡೂ ಕಣ್ಣು ತೆರೆದೇ ಹೊಡೆಯುತ್ತಾರೆ. ನಾನು ಹಾಗೆ ಹೇಳಿದರೆ, "ನಿಮ್ ಸೈನ್ಸು ಆಸ್ಪತ್ರೇಲಿಟ್ಕೊಳಿ ಡಾಕ್ಟ್ರೇ, ಮೊದ್ಲು ಒಂದು ಚೆಂಡು ಹಾಕಿ ತೋರ್ಸಿ" ಎಂದು ಚಿಕ್ಕಪೇಟೆಯ ಜವಳಿ ವ್ಯಾಪಾರಿ ಸೀನಣ್ಣ ಬಾಯಿ ಮುಚ್ಚಿಸುತ್ತಿದ್ದರು.

ನಮ್ಮಲ್ಲಿ ಚೆನ್ನಾಗಿ ಆಡುತ್ತಿದ್ದವರು ನಂಜಪ್ಪ. ಸರ್ಕಾರಿ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಸೇತುವೆ, ಕಟ್ಟಡಗಳ ನಕ್ಷೆ ಬರೆಯುವುದು ಅವರ ಕೆಲಸ. ಆ ವರ್ಷ ಅವರು ನೇರವಾದ, ಸುಲಭದ ಹೊಡೆತಗಳನ್ನೇ ತಪ್ಪಿಸತೊಡಗಿದರು.

ಹವ್ಯಾಸಿಗಳು ಗುರಿ ತಪ್ಪುವುದಕ್ಕೆ ಎಲ್ಲರೂ ಹೇಳುವ ಕಾರಣವೊಂದಿದೆ. ಹೊಡೆತ ಮುಗಿಯುವ ಮೊದಲೇ, ಚೆಂಡು ಎಲ್ಲಿಗೆ ಹೋಯಿತೆಂದು ನೋಡುವ ಆತುರಕ್ಕೆ ತಲೆ ಎತ್ತುತ್ತಾರೆ. ತಲೆಯ ಜೊತೆ ಭುಜ ಏಳುತ್ತದೆ, ಕೋಲಿನ ತುದಿ ಕೂದಲೆಳೆಯಷ್ಟು ಸರಿಯುತ್ತದೆ, ಮೇಜಿನ ಆ ಕೊನೆಯಲ್ಲಿ ಅದು ಗೇಣುದ್ದದ ತಪ್ಪಾಗುತ್ತದೆ. ನಂಜಪ್ಪನವರೂ ತಲೆ ಎತ್ತುತ್ತಿದ್ದರು. ಆದರೆ ಹೊಡೆಯುವಾಗ ಅಲ್ಲ, ಅದಕ್ಕೂ ಮೊದಲು, ಏನನ್ನೋ ಹುಡುಕುವವರ ಹಾಗೆ. ಆ ವ್ಯತ್ಯಾಸ ನನ್ನನ್ನು ಸುಮ್ಮನಿರಗೊಡಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಪರೀಕ್ಷಿಸಿಯೇ ಬಿಡೋಣವೆಂದು ಅವರ ತಲೆಯ ಮೇಲೆ, ತಾಗಿಯೂ ತಾಗದಂತೆ, ಅಂಗೈ ಹಿಡಿದು ನಿಂತೆ. "ತಲೆ ನನ್ ಕೈಗೆ ತಾಗ್ಬಾರ್ದು. ಬಿಳಿ ಚೆಂಡನ್ನೇ ನೋಡ್ತಾ ಹೊಡೀರಿ."

ಬಾಗಿದರು, ಎಡಗಣ್ಣು ಮುಚ್ಚಿದರು. ಕೋಲು ಅಲ್ಲೇ ನಿಂತಿತು.

"ಸೀನಣ್ಣ, ತಮಾಷೆ ಸಾಕು. ಚೆಂಡು ಇಡಿ."

"ಯಾವ ಚೆಂಡು ಗುರು?"

"ಕೆಂಪು ಚೆಂಡು. ತೆಗೆದ್ರಲ್ಲ."

ಕೆಂಪು ಚೆಂಡು ಅವರೆದುರಿಗೇ, ಒಂದು ಮಾರು ದೂರದಲ್ಲಿತ್ತು. "ಬೆಳಬೆಳಗ್ಗೆ ಏನ್ ಹಾಕ್ಕೊಂಡ್ ಬಂದಿದೀಯ ಮಗಾ?" ಎಂದರು ಸೀನಣ್ಣ. ಎಲ್ಲರೂ ನಕ್ಕರು. ನಾನು ಅವರ ತಲೆಯ ಮೇಲಿನ ಕೈ ತೆಗೆದೆ.

ಬಾಗಿದವನು ಹತ್ತಿರದ ಬಿಳಿ ಚೆಂಡನ್ನು ದಿಟ್ಟಿಸಿದಾಗ ದೂರದ ಚೆಂಡು ಅವನ ನೋಟದ ಮೇಲ್ಭಾಗದಲ್ಲಿರುತ್ತದೆ. ಗ್ಲಾಕೋಮಾ ಎಂಬ ರೋಗದಲ್ಲಿ ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತ ಬರುತ್ತದೆ. ಎಷ್ಟೋ ಸಲ ಮೊದಲು ಅಳಿಯುವುದು ಆ ಮೇಲ್ಭಾಗವೇ. ನೋವಿಲ್ಲ, ಕತ್ತಲೆಯೂ ಇಲ್ಲ. ಅಳಿದ ಜಾಗಕ್ಕೆ ಮಿದುಳು ಸುತ್ತಲಿನ ಬಣ್ಣವನ್ನೇ ಬಳಿದುಬಿಡುತ್ತದೆ. ನಂಜಪ್ಪನವರಿಗೆ ಕಂಡದ್ದು ಬರೀ ಹಸಿರು ಬಟ್ಟೆ. ದಿನನಿತ್ಯ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆ ತಪ್ಪು ಪದ್ಧತಿಯಂತೆ ಅವರು ಎಡಗಣ್ಣು ಮುಚ್ಚದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ನಂಜಪ್ಪನವರನ್ನು ವರಾಂಡಕ್ಕೆ ಕರೆದು, ಬಲಗಣ್ಣಿನ ಮೇಲೆ ಅನುಮಾನವಿದೆ, ನಾಳೆ ಆಸ್ಪತ್ರೆಗೆ ಬನ್ನಿ ಎಂದೆ. ಅವರು ಕಂಬಕ್ಕೆ ಒರಗಿ ನಿಂತರು. "ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು ಡಾಕ್ಟ್ರೇ. ಕೊನೆಗೆ ಗೋಡೆ ಹಿಡ್ಕೊಂಡು ಓಡಾಡ್ತಿದ್ರು."

ಮರುದಿನ ಬರಲಿಲ್ಲ. ಆ ವಾರವೆಲ್ಲ ಬರಲಿಲ್ಲ. ಕೊನೆಗೆ ನಾನೇ ಅವರ ಮನೆಗೆ ಹೋದೆ.

"ಕಣ್ಣಿಲ್ದಿರೋ ಡ್ರಾಫ್ಟ್ಸ್‌ಮನ್ನ ಯಾರಿಟ್ಕೋತಾರೆ ಹೇಳಿ? ನೀವು ನೋಡ್ದೆ ಇದ್ರೆ ಇನ್ನೂ ಸ್ವಲ್ಪ ದಿನ ನಾನು ಕೆಲಸದಲ್ಲೇ ಇರ್ತೀನಿ" ಎಂದರು.

ಧೈರ್ಯ ಹೇಳಲು ನನ್ನಲ್ಲಿ ಧೈರ್ಯವಿರಲಿಲ್ಲ. "ಬಲಗಣ್ಣಿಂದು ಗೊತ್ತಾಯ್ತು. ಎಡಗಣ್ಣು ಹೆಂಗಿದ್ಯೋ ಅಂತ ನಂಗೂ ಭಯಾನೇ. ಭಯದಲ್ಲೇ ಬನ್ನಿ" ಎಂದೆ. ಹೀಗೆಯೇ ಅಂದೆನೋ, ವರ್ಷಗಟ್ಟಲೆ ಹೇಳಿ ಹೇಳಿ ಮಾತನ್ನು ತಿದ್ದಿಕೊಂಡಿದ್ದೇನೋ ತಿಳಿಯದು. ಅವರು ಎದ್ದು ಚಪ್ಪಲಿ ಮೆಟ್ಟಿದ್ದು ಮಾತ್ರ ನಿಜ.

ಆಗ ನಮ್ಮಲ್ಲಿ ನೋಟದ ವ್ಯಾಪ್ತಿ ಅಳೆಯುವ ಯಂತ್ರಗಳಿರಲಿಲ್ಲ. ಗೋಡೆಗೆ ಕರಿ ಬಟ್ಟೆಯ ಪರದೆ, ನಡುವೆ ಒಂದು ಬಿಳಿ ಚುಕ್ಕೆ. ರೋಗಿ ಚುಕ್ಕೆಯನ್ನೇ ದಿಟ್ಟಿಸಬೇಕು. ನಾವು ಕಪ್ಪು ಕಡ್ಡಿಯ ತುದಿಯ ಬಿಳಿ ಮಣಿಯನ್ನು ಪರದೆಯ ಮೇಲೆ ಸರಿಸುತ್ತ ಹೋಗುತ್ತಿದ್ದೆವು, ಮಣಿ ಮರೆಯಾದೊಡನೆ ಅವನು ಹೇಳಬೇಕು. ಬಲಗಣ್ಣಿನ ನೋಟದ ಮೇಲರ್ಧ ಬಹುಪಾಲು ಹೋಗಿತ್ತು. ಇಪ್ಪತ್ತೊಂದರೊಳಗೆ ಇರಬೇಕಾದ ಕಣ್ಣೊಳಗಿನ ಒತ್ತಡ ಎರಡೂ ಕಣ್ಣುಗಳಲ್ಲಿ ಮೂವತ್ತು ದಾಟಿತ್ತು.

ಬಲಗಣ್ಣು ಮುಚ್ಚಿಸಿ ಎಡಗಣ್ಣಿಗೆ ಬಂದೆ. ಮಣಿಯನ್ನು ಮೇಲೆ ಸರಿಸಿದೆ. "ಇದೆ... ಇದೆ... ಇದೆ." ಎಡಪಕ್ಕಕ್ಕೆ ತಂದೆ. "ಇದೆ... ಹೋಯ್ತು."

ಕಡ್ಡಿಯನ್ನು ಅಂಗುಲದಷ್ಟು ಸರಿಸಿದೆ. "ಬಂತು." ಹಿಂದಕ್ಕೆ ತಂದೆ. "ಹೋಯ್ತು ಡಾಕ್ಟ್ರೇ. ಇದೂ ಹೋಗಿದೆ, ಅಲ್ವಾ?"

ನರ ಕಣ್ಣನ್ನು ಸೇರುವ ಕಡೆ ಪ್ರತಿಯೊಬ್ಬರಿಗೂ ಹುಟ್ಟಿನಿಂದಲೇ ಕಾಣದ ಚುಕ್ಕೆಯೊಂದಿರುತ್ತದೆ. ಇದು ಅದೇ, ಇರಬೇಕಾದ ಜಾಗದಲ್ಲೇ ಇತ್ತು. ಆಸ್ಪತ್ರೆಗೆ ಕಲಿಯಲು ಬರುತ್ತಿದ್ದ ವಿದ್ಯಾರ್ಥಿಗಳಿಗೆ ದಿನವೂ ಪಾಠ ಹೇಳುತ್ತಿದ್ದ ನನಗೆ ಆ ಕ್ಷಣ ಅದು ಹೊಳೆಯಲೇ ಇಲ್ಲ. ಹೊಳೆದಾಗ ಕಡ್ಡಿಯನ್ನು ಕೆಳಗಿಟ್ಟೆ. "ಅದು ನಂಗೂ ಇದೆ ನಂಜಪ್ಪನವ್ರೇ. ಎಡಗಣ್ಣು ಉಳಿದಿದೆ."

ಕಣ್ಣಿಗೆ ಔಷಧದ ಹನಿಗಳು, ನಂತರ ಶಸ್ತ್ರಚಿಕಿತ್ಸೆ. ಹೋದ ನೋಟ ಮರಳಲಿಲ್ಲ. ಉಳಿದದ್ದು ಅವರ ನಿವೃತ್ತಿಯ ದಿನದವರೆಗೂ ಉಳಿಯಿತು. ಕ್ಲಬ್ಬಿಗೆ ಮತ್ತೆ ಬಂದಾಗ ಎರಡೂ ಕಣ್ಣು ತೆರೆದು ಬಾಗಿದರು. ಮೊದಲ ಹೊಡೆತವೇ ತಪ್ಪಿತು.

"ಇದು ಕಣ್ಣಿಂದಾ ಡಾಕ್ಟ್ರೇ?"

"ಅಲ್ಲ, ಕೈ ತಪ್ಪು."

"ಸದ್ಯ!" ಎಂದು ಜೋರಾಗಿ ನಕ್ಕರು. ಗುರಿ ತಪ್ಪಿದ್ದಕ್ಕೆ ಅಷ್ಟು ಸಂತೋಷಪಟ್ಟ ಆಟಗಾರನನ್ನು ನಾನು ಮತ್ತೆ ಕಂಡಿಲ್ಲ.

ಎಲ್ಲರಿಗೂ ಒಪ್ಪುವ ಕಾರಣ ಸಿದ್ಧವಾಗಿದ್ದಾಗಲೇ ಎದುರಿಗಿರುವವನನ್ನು ಇನ್ನೊಮ್ಮೆ ನೋಡಬೇಕೆಂದು ಈ ಪ್ರಕರಣ ಕಲಿಸಿತು. ಆಮೇಲೆ ನಿವೃತ್ತನಾಗುವವರೆಗೂ, "ನನ್ ಕಣ್ಣು ಚೆನ್ನಾಗೇ ಇದೆ" ಎಂದವರನ್ನು ಒಂದೊಂದು ಕಣ್ಣು ಮುಚ್ಚಿಸಿ ನೋಡದೆ ಕಳಿಸಲಿಲ್ಲ. ಪ್ರತಿ ಸಲವೂ, ಅವರು ಬಾಯಿ ತೆರೆಯುವ ಮುನ್ನ, ನನಗೆ ಹೆದರಿಕೆಯಾಗುತ್ತಿತ್ತು.