ಮೊದಲ ಬಳೆ ಯಾರು ತೊಡಿಸಬೇಕು

ಬೈರಕೂರಿನ ಹತ್ತಿರದ ನಮ್ಮ ಮನೆಯಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಅಳುವುದು, ಬೈಯುವುದು ತೆಲುಗಿನಲ್ಲಿ. ಅರ್ಜಿ ಬರೆಯುವುದು ಕನ್ನಡದಲ್ಲಿ. ನನ್ನ ಮಗು ಶಾಲೆಗೆ ಸೇರಿದ ಮೇಲೆ ಆಪ್ತ ಸಮಾಲೋಚನೆ ಕಲಿಯಲು ಕೋಲಾರದ ಒಂದು ಆಸ್ಪತ್ರೆಗೆ ಬಂದೆ. ಎರಡು ಭಾಷೆ ಬರುತ್ತದೆಂದು ಒಳಗೊಳಗೇ ಜಂಬವಿತ್ತು.

ಮೊದಲ ತಿಂಗಳಲ್ಲೇ ಮುಳಬಾಗಿಲು ಕಡೆಯ ಐವತ್ತರ ಹೆಂಗಸೊಬ್ಬರು ಬಂದರು. ತಲೆನೋವು, ನಿದ್ದೆಯಿಲ್ಲ. ನಾನು ಫಾರಂ ಹಿಡಿದು ಪುಸ್ತಕದ ಕನ್ನಡದಲ್ಲಿ ಸಾಲಾಗಿ ಪ್ರಶ್ನೆ ಕೇಳಿದೆ.

“ಏನೂ ಇಲ್ಲ ಮೇಡಂ, ಎಲ್ಲಾ ಚೆನ್ನಾಗವ್ರೆ” ಎಂದರು.

‘ಮನೆಯಲ್ಲಿ ಚಿಂತೆ ಇಲ್ಲ’ ಎಂದು ಬರೆದುಕೊಂಡು, ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸಿದೆ. ಎಂಥ ಜಾಣತನ.

ಪುಣ್ಯಕ್ಕೆ ಆಯಮ್ಮ ಮತ್ತೆ ಬಂದರು. ಚೀಲದಲ್ಲಿ ಅವರೆಕಾಯಿ ಇತ್ತು. ನನ್ನ ಮುಖ ನೋಡಲು ಮುಜುಗರವಾಗಿ ಅದನ್ನೇ ಬಿಡಿಸತೊಡಗಿದರು. ನಮ್ಮ ಕಡೆ ಹೆಂಗಸರು ಕಾಯಿ ಬಿಡಿಸುತ್ತ ಕೂತರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಮಾತು ತಾನಾಗಿ ಬರುತ್ತದೆ. ನಾನೂ ಫಾರಂ ಮುಚ್ಚಿಟ್ಟು ಒಂದು ಹಿಡಿ ತೆಗೆದುಕೊಂಡು, ತೆಲುಗಿನಲ್ಲಿ ಊರಿನ ಸುದ್ದಿ ಕೇಳಿದೆ. ಸ್ವಲ್ಪ ಹೊತ್ತಿಗೆ ಅವರೂ ತೆಲುಗಿಗೆ ಬಂದರು. ಒಬ್ಬಳೇ ಮಗಳು, ಈಗ ಆರು ತಿಂಗಳ ಬಸುರಿ. ಮುಂದಿನ ತಿಂಗಳು ಶ್ರೀನಿವಾಸಪುರದ ಗಂಡನ ಮನೆಯಲ್ಲಿ ಸೀಮಂತ. ಇವರೋ ಗಂಡ ಸತ್ತವರು, ಅಂಥಲ್ಲಿ ಮುಂದೆ ಬರುವಂತಿಲ್ಲ. ಮಗಳ ಕೈಗೆ ಬಳೆ ತೊಡಿಸುವ ಆಸೆಯನ್ನು ಅವರು ಯಾರಿಗೂ ಹೇಳಿರಲಿಲ್ಲ.

ಹತ್ತು ಜನ ಸೇರಿ ಹೊರಿಸಿದ ಭಾರವನ್ನು ನಾನು ಒಬ್ಬರ ತಲೆನೋವೆಂದು ಬರೆದಿದ್ದೆ. ನಾಚಿಕೆಯಾಯಿತು. ಅವರ ಒಪ್ಪಿಗೆ ಪಡೆದು ಮುಂದಿನ ಸಲ ಮಗಳನ್ನೂ ಕರೆಸಿದೆ.

“ಸೀಮಂತದ ದಿನ ಅಮ್ಮ ಎಲ್ಲಿರ್ತಾರೆ?” ಎಂದು ಕೇಳಿದೆ.

“ಅಡ್ಗೆ ಮನೇಲಿರ್ತಾಳೆ, ಇನ್ನೆಲ್ಲಿ?” ಎಂದಳು ಮಗಳು. ಕೆಟ್ಟ ಹುಡುಗಿಯಲ್ಲ, ಯೋಚಿಸಿರಲಿಲ್ಲ ಅಷ್ಟೆ.

ಆಯಮ್ಮ ತಲೆ ತಗ್ಗಿಸಿಕೊಂಡೇ, “ನಂಗೂ ಒಂದು ಬಳೆ ಹಾಕ್ಬೇಕು ಅಂತ ಆಸೆ ಕಣೇ” ಎಂದರು.

ಮಗಳು ಕುರ್ಚಿಯನ್ನು ತಾಯಿಯ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, “ಮೊದಲ್ನೇದು ನೀನೇ ಹಾಕಮ್ಮ. ಅತ್ತೆಗೆ ನಾನು ಹೇಳ್ತೀನಿ” ಎಂದಳು.

ಸೀಮಂತ ಮುಗಿದ ಮೇಲೆ ಇಬ್ಬರೂ ಬಂದುಹೋದರು. ಅತ್ತೆ ಮುಖ ಸಿಂಡರಿಸಿದರಂತೆ; ಆದರೂ ತಾಯಿ ಎದುರಿಗೆ ಬಂದು ಕೂರುವ ತನಕ ಮಗಳು ಕೈ ಚಾಚಲೇ ಇಲ್ಲವಂತೆ. ಆಯಮ್ಮನಿಗೆ ಈಗ ನಿದ್ದೆ ಬರುತ್ತಿದೆ. ನನಗೆ ಕೈಮುಗಿದರು. ಕೈಮುಗಿಯಬೇಕಾದವಳು ನಾನು. ಈ ಕೆಲಸ ಏನೆಂದು ನನಗೆ ಕಲಿಸಿದವರು ಅವರು, ಆ ಋಣ ದೊಡ್ಡದು.

ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ನನ್ನ ಸೀಮಂತದ ದಿನ ಅಮ್ಮ ಎಲ್ಲಿದ್ದಳೆಂದು ನಾನೂ ಯೋಚಿಸಿರಲಿಲ್ಲ. ಆ ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ನಿನಗೂ ಆಸೆ ಇತ್ತೇನಮ್ಮ ಎಂದು ಕೇಳಿದೆ.

ಅಮ್ಮ ನಕ್ಕಳು. ಅಡುಗೆಮನೆಗೆ ಬಳೆಗಳ ಸದ್ದು ಚೆನ್ನಾಗಿ ಕೇಳಿಸುತ್ತಿತ್ತಂತೆ. ಎಷ್ಟು ಜನ ತೊಡಿಸಿದರೆಂದು ಒಳಗೇ ಕೂತು ಎಣಿಸುತ್ತಿದ್ದಳಂತೆ.