ಮಾತೃಭಾಷೆ ಕನ್ನಡ: ಒಬ್ಬರು

1997ರಲ್ಲಿ ನಾನು ತಿರುವನಂತಪುರದ ಒಂದು ವೈದ್ಯಕೀಯ ಸಂಶೋಧನಾ ಯೋಜನೆಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಮೈಸೂರು ಬಿಟ್ಟು ಬಂದು ಎರಡನೆಯ ವರ್ಷ. ಉಳ್ಳೂರ್ ಜಂಕ್ಷನ್ ಹತ್ತಿರದ ಬಾಡಿಗೆ ಕಟ್ಟಡದ ಮೇಲ್ಮಹಡಿ ನಮ್ಮ ಕಚೇರಿ. ಕಂಪ್ಯೂಟರ್ ಕೋಣೆಗೆ ಮಾತ್ರ ಏಸಿ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕು. ಆಗ ಸೆಕ್ಯುರಿಟಿ ಎಂದರೆ ವೈರಸ್ ಇಲ್ಲದ ಫ್ಲಾಪಿ, ಬೀಗ ಹಾಕಿದ ಬೀರು, ಅಷ್ಟೇ. ಪ್ರೈವಸಿ ಎಂಬ ಪದವನ್ನು ಅಲ್ಲಿ ಯಾರಾದರೂ ಬಳಸಿದ ನೆನಪು ನನಗಿಲ್ಲ.

ಮೂರ್ಛೆರೋಗ ಕೆಲವು ಕುಟುಂಬಗಳಲ್ಲಿ, ಹತ್ತಿರದ ಸಂಬಂಧದಲ್ಲೇ ಮದುವೆಯಾಗುವ ಸಮುದಾಯಗಳಲ್ಲಿ ಹೆಚ್ಚು ಕಾಣಿಸಿಕೊಳ್ಳುತ್ತದೆಯೇ ಎಂಬುದು ಯೋಜನೆಯ ಪ್ರಶ್ನೆ. ತಿರುವನಂತಪುರ ಮತ್ತು ಕೊಚ್ಚಿಯ ಕ್ಲಿನಿಕ್ಕುಗಳಿಂದ ರೋಗಿಗಳ ವಿವರ ಬರುತ್ತಿತ್ತು. ಆ ನವೆಂಬರಿನಲ್ಲಿ ಕೊಚ್ಚಿಯಲ್ಲಿ ಒಂದು ಕಾರ್ಯಾಗಾರ ಏರ್ಪಾಡಾಯಿತು. ಮಂಗಳೂರು, ಕೊಯಮತ್ತೂರುಗಳಿಂದಲೂ ವೈದ್ಯರು ಬರುವವರಿದ್ದರು. ಎಲ್ಲರಿಗೂ ನಮ್ಮ ದತ್ತಾಂಶದ ಒಂದೊಂದು ಫ್ಲಾಪಿ ಕೊಡಬೇಕು. ಅದಕ್ಕೆ ಮೊದಲು ರೋಗಿ ಯಾರೆಂದು ತಿಳಿಯದಂತೆ ಮಾಡಬೇಕು. ಅನಾನಿಮೈಸೇಷನ್ ಎಂದು ಈಗ ಕರೆಯುವ ಆ ಕೆಲಸ ನನ್ನ ಪಾಲಿಗೆ ಬಂತು.

ಹೆಸರು, ತಂದೆಯ ಹೆಸರು, ಬಾಗಿಲು ನಂಬರ್, ಬೀದಿ ಎಲ್ಲವನ್ನೂ ತೆಗೆದೆ. ಮನೆಯ ಹೆಸರು ಉಳಿಸಿದೆ. ನಮ್ಮ ಮೈಸೂರಿನಲ್ಲಿ ಬೀದಿಗೊಂದು 'ಶ್ರೀನಿವಾಸ ನಿಲಯ' ಇರುತ್ತದೆ, ಅದರಿಂದ ಯಾರ ಗುರುತು ಸಿಕ್ಕೀತು? ಪಕ್ಕದ ಮೇಜಿನ ಶೈಲಜಾ ಪ್ರಿಂಟ್‌ಔಟ್ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

"ಅಯ್ಯೋ ಮೈಸೂರು ಸಾರೇ, ಇದೇನು ಮಾಡಿಟ್ಟಿದ್ದೀರಿ? ನಮ್ಮಲ್ಲಿ ಮನೆ ಹೆಸರು ಅಂದ್ರೆ ವಂಶದ ಹೆಸರು. ಇದನ್ನ ಉಳಿಸಿಕೊಂಡು ಬರೀ ರೋಗಿಯ ಹೆಸರನ್ನ ಅಳಿಸಿದ್ದೀರಲ್ಲ! ಈ ಮನೆಯವರು ಯಾರು ಅಂತ ಬಸ್ ಕಂಡಕ್ಟರನ್ನ ಕೇಳಿ, ಅಜ್ಜಿಯ ತವರೂ ಸೇರಿಸಿ ಹೇಳ್ತಾನೆ."

ಮನೆ ಹೆಸರನ್ನು ಪೂರ್ತಿ ಅಳಿಸುವಂತೆಯೂ ಇರಲಿಲ್ಲ. ಯಾವ ರೋಗಿಗಳು ಒಂದೇ ಕುಟುಂಬದವರು ಎಂಬುದೇ ಸಂಶೋಧನೆಯ ತಿರುಳು. ಹಾಗಾಗಿ ಪ್ರತಿ ಮನೆ ಹೆಸರಿಗೂ ಒಂದು ಕೋಡ್ ಸಂಖ್ಯೆ ಕೊಟ್ಟೆವು. ಯೋಜನೆಯ ಮುಖ್ಯಸ್ಥರಾದ ಡಾ. ಮಾಧವನ್ ಒಪ್ಪಿದರು. ಫ್ಲಾಪಿಗಳೆಲ್ಲ ಕಾಪಿಯಾಗಿ ಪೆಟ್ಟಿಗೆ ಸೇರಿದವು.

ಲೆಕ್ಕ ಬರೆದಿಡುವ ಚಟ ನನಗೆ ಚಿಕ್ಕಂದಿನದು. ಪುಟ್ಟು ತಿಂದ ದಿನ, ಕರೆಂಟು ಹೋದ ಹೊತ್ತು ಎಲ್ಲವೂ ಡೈರಿಗೆ ಹೋಗುತ್ತಿದ್ದವು. ಕೆಲಸ ಮುಗಿದ ಮಧ್ಯಾಹ್ನ, ಬರೆದಿಡೋಣವೆಂದು ಒಂದೊಂದು ಕಾಲಮ್ಮಿನ ಮೊತ್ತ ತೆಗೆಯುತ್ತಿದ್ದೆ. ಮಾತೃಭಾಷೆಯ ಕಾಲಮ್ಮಿನಲ್ಲಿ ಮಲಯಾಳ, ತಮಿಳು, ಕೊಂಕಣಿ, ಗುಜರಾತಿ ಆದ ಮೇಲೆ ಕೊನೆಗೆ ಬಂತು: ಕನ್ನಡ, ಒಬ್ಬರು.

ನಮ್ಮವರು ಯಾರೋ ಎಂಬ ಖುಷಿಯಲ್ಲಿ ಆ ದಾಖಲೆ ತೆರೆದೆ. ಹೆಣ್ಣು, ಇಪ್ಪತ್ತಮೂರು ವರ್ಷ, ಮಟ್ಟಾಂಚೇರಿ. ಒಡನೆಯೇ ಆ ದಾಖಲೆ ಮುಚ್ಚಿದೆ. ಆದರೆ ತಿಳಿದದ್ದು ತಿಳಿದೇಹೋಗಿತ್ತು.

ಫಾರಂಗಳನ್ನು ತರಲು ತಿಂಗಳಿಗೊಮ್ಮೆ ಕೊಚ್ಚಿಗೆ ಹೋದಾಗಲೆಲ್ಲ ನಾನು ಎರ್ನಾಕುಳಂನಿಂದ ಬೋಟು ಹತ್ತಿ ಮಟ್ಟಾಂಚೇರಿಯ ವಸಂತಕ್ಕನ ಮನೆಯಲ್ಲಿ ಉಂಡು ಬರುತ್ತಿದ್ದೆ. ಅವರು ಕಾಸರಗೋಡಿನ ಕಡೆಯವರು. ಯಜಮಾನರು ಕರಿಮೆಣಸು ರಫ್ತು ಮಾಡುವ ಕಂಪನಿಯಲ್ಲಿ ಲೆಕ್ಕಿಗರು. ಆ ಕೇರಿಯಲ್ಲಿ ಕನ್ನಡದವರೆಂದರೆ ಆ ಮನೆಯವರೊಬ್ಬರೇ. ಒಣಶುಂಠಿಯ ವಾಸನೆ ದಾಟಿ ಮೆಟ್ಟಿಲು ಹತ್ತಿದರೆ ನೀರುದೋಸೆಯ ಚುಂಯ್ ಸದ್ದು ಕೇಳುತ್ತಿತ್ತು. "ಎಂತ ಮಾರಾಯ್ರೆ, ಇಷ್ಟು ಸಪೂರ ಆಗಿದ್ದೀರಿ? ತಿರುವನಂತಪುರದಲ್ಲಿ ಊಟ ಕೊಡುದಿಲ್ವಾ?" ಎಂದು ಅವರು ಪ್ರತಿ ಸಲವೂ ಕೇಳುತ್ತಿದ್ದರು. ಮಗಳು ವಿದ್ಯಾ ಶಾಲೆಯೊಂದರಲ್ಲಿ ಟೀಚರ್. ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುವಳು. ವಯಸ್ಸು ಇಪ್ಪತ್ತಮೂರು. ಮಂಗಳೂರಿನಿಂದ ಒಂದು ಸಂಬಂಧ ಬಂದಿದೆ, ಹುಡುಗನ ದೊಡ್ಡಪ್ಪ ಡಾಕ್ಟರು ಎಂದು ವಸಂತಕ್ಕ ಹಿಂದಿನ ತಿಂಗಳಷ್ಟೇ ಹೇಳಿದ್ದರು.

ಫ್ಲಾಪಿಯೊಂದು ಮಂಗಳೂರಿಗೂ ಹೋಗುವುದಿತ್ತು. ಆ ದೊಡ್ಡಪ್ಪನ ಕೈಗೇ ಸಿಗಬೇಕೆಂದಿಲ್ಲ. ಮಟ್ಟಾಂಚೇರಿಯ ಕನ್ನಡದವರೆಂದರೆ ಯಾರೆಂದು ಬಲ್ಲ ಯಾರು ನೋಡಿದರೂ ಸಾಕಿತ್ತು.

ನೇರ ಡಾ. ಮಾಧವನ್ ಕೋಣೆಗೆ ಹೋದೆ. "ಫ್ಲಾಪಿ ಕಳಿಸುವುದು ಬೇಡ ಸಾರ್. ಭಾಷೆ, ವಯಸ್ಸು, ಊರು ಮೂರೂ ಸೇರಿದರೆ ಕೆಲವರ ಗುರುತು ಸಿಗುತ್ತದೆ."

ಅವರು ಕನ್ನಡಕ ತೆಗೆದರು. "ಮೊದಲು ಹೆಸರು ಅಂದಿರಿ. ಆಮೇಲೆ ಮನೆ ಹೆಸರು. ಈಗ ಭಾಷೆ. ಸಮುದಾಯ ತಿಳಿಯಲಿಕ್ಕೆ ನಮಗಿರುವುದು ಅದೊಂದೇ ದಾರಿ. ಎಲ್ಲಾ ಅಳಿಸಿ ಖಾಲಿ ಫ್ಲಾಪಿ ಹಂಚೋಣವೇ?"

"ಒಬ್ಬರು ಯಾರೆಂದು ನನಗೇ ಗೊತ್ತಾಗಿದೆ ಸಾರ್."

"ಯಾರು?"

ಹೇಳಿದ್ದರೆ ಚರ್ಚೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ಒಳ್ಳೆಯವರು, ಬೇರೆ ಯಾರಿಗೂ ಹೇಳುತ್ತಿರಲಿಲ್ಲ. ಆದರೂ ಹೆಸರು ಹೇಳಲಿಲ್ಲ.

"ಅದನ್ನ ಹೇಳಿದರೆ ನಾನೂ ಒಂದು ಫ್ಲಾಪಿ ಆದ ಹಾಗೆ ಸಾರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಶೈಲಜಾಳನ್ನು ಕರೆದು ಕಾಪಿಗಳನ್ನೆಲ್ಲ ವಾಪಸ್ ತೆಗೆಸಿದರು. ಆ ವಾರ ಮೂವರೂ ಕುಳಿತು ಒಂದು ನಿಯಮ ಮಾಡಿಕೊಂಡೆವು. ಒಂದೇ ಭಾಷೆ, ಒಂದೇ ಊರು, ಒಂದೇ ವಯೋಮಾನದವರು ಐದು ಜನಕ್ಕಿಂತ ಕಡಿಮೆ ಇದ್ದರೆ ಅವರನ್ನು ದೊಡ್ಡ ಗುಂಪಿಗೆ ಸೇರಿಸುವುದು. ಇಪ್ಪತ್ತಮೂರು ಎನ್ನುವುದು 'ಇಪ್ಪತ್ತರಿಂದ ಮೂವತ್ತು' ಆಯಿತು, ಮಟ್ಟಾಂಚೇರಿ 'ಎರ್ನಾಕುಳಂ ಜಿಲ್ಲೆ' ಆಯಿತು, ಕನ್ನಡ 'ಇತರೆ' ಆಯಿತು. "ಮೈಸೂರು ಸಾರ್ ತಮ್ಮ ಭಾಷೆಯನ್ನೇ ಅಳಿಸಿಬಿಟ್ಟರು" ಎಂದು ಶೈಲಜಾ ಛೇಡಿಸಿದಳು. ಇದಕ್ಕೆ ಬೆಲೆಯನ್ನೂ ತೆತ್ತೆವು: ಸಣ್ಣ ಸಮುದಾಯಗಳ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಕಾರ್ಯಾಗಾರದಲ್ಲಿ ಉತ್ತರ ಸಿಗಲಿಲ್ಲ. ಡಾಕ್ಟರು ಅದನ್ನು ನನಗೆ ಆಗಾಗ ನೆನಪಿಸುತ್ತಿದ್ದರು.

ಮಾರ್ಚ್‌ನಲ್ಲಿ ಎಂದಿನಂತೆ ಮಟ್ಟಾಂಚೇರಿಗೆ ಹೋದೆ. ಊಟದ ನಂತರ ವಿದ್ಯಾ ಜೆಟ್ಟಿಯವರೆಗೆ ಬಂದಳು. ಬೋಟು ಇನ್ನೂ ಬಂದಿರಲಿಲ್ಲ. ಎಂದೂ ಇಲ್ಲದೆ ಕನ್ನಡದಲ್ಲೇ ಮಾತು ಶುರುಮಾಡಿದಳು.

"ಮದುವೆ ನಿಶ್ಚಯ ಆಯ್ತು. ನನಗೆ ಫಿಟ್ಸ್ ಉಂಟು, ಮಾತ್ರೆಯಲ್ಲಿ ನಿಂತಿದೆ. ಹೇಳಿದ್ರೆ ಸಂಬಂಧ ತಪ್ಪುತ್ತದೆ ಅಂತ ಅಮ್ಮನಿಗೆ ಹೆದರಿಕೆ. ನಾನೇ ಹುಡುಗನಿಗೆ ಫೋನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ, ಮಾತ್ರೆ ಎಷ್ಟು ಹೊತ್ತಿಗೆ ಅಂತ." ಸ್ವಲ್ಪ ನಕ್ಕಳು. "ನೀವು ಮನೆಯವರ ಹಾಗೆ ಅಲ್ವಾ. ನಿಮಗೂ ನಾನೇ ಹೇಳ್ಬೇಕು ಅಂತ ಇತ್ತು."

ಈ ವೃತ್ತಿಯಲ್ಲಿ ಆಮೇಲೆ ಎನ್‌ಕ್ರಿಪ್ಷನ್, ಫೈರ್‌ವಾಲ್ ಎಲ್ಲ ಕಲಿತೆ. ನಮ್ಮ ಐದು ಜನರ ನಿಯಮಕ್ಕಿಂತ ಎಷ್ಟೋ ಮುಂದುವರಿದ ಗಣಿತ ಈಗ ಇದೆ; ಆದರೂ ಉಪಯೋಗ ಮತ್ತು ಗೋಪ್ಯತೆ ಎರಡನ್ನೂ ಪೂರ್ತಿ ಉಳಿಸುವ ದಾರಿ ಇನ್ನೂ ಸಂಶೋಧನೆಯಲ್ಲೇ ಇದೆ. ಆದರೆ ಕಾಪಾಡಬೇಕಾದದ್ದು ಏನು ಎಂಬುದು ನನಗೆ ತಿಳಿದದ್ದು ಆ ಜೆಟ್ಟಿಯಲ್ಲಿ. ತನ್ನ ವಿಷಯವನ್ನು ತಾನು ಬಯಸಿದವರಿಗೆ, ತಾನು ಬಯಸಿದ ಹೊತ್ತಿಗೆ ಮೊದಲು ಹೇಳುವ ಹಕ್ಕು ಅವಳದಾಗಿತ್ತು.

"ಹೌದಾ? ಯಾವಾಗಿನಿಂದ?" ಎಂದು ಕೇಳಿದೆ. ಅವಳು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ಬೋಟು ಬಂದು ಹೋಯಿತು. ನಾನು ಅಲ್ಲೇ ನಿಂತು, ಮೊದಲ ಸಲ ಕೇಳುತ್ತಿರುವವನಂತೆ ಕೇಳಿದೆ.