ಕುಂಟಿದ್ದು ಯಾವ ಕಾಲು

ಇದರಲ್ಲಿ ನಿಜವಾಗಿ ನಡೆದದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬುದು ಖಾತ್ರಿಯಿಲ್ಲ. ಎಂಎಸ್ಸಿ ಓದಿದವನು, ಸ್ವಂತ ನೆನಪನ್ನು ಸಾಕ್ಷಿಯೆಂದು ಒಪ್ಪಲಾರೆ.

ಮದುವೆಯಾಗಿ ಒಂಬತ್ತು ವರ್ಷಕ್ಕೆ ನನಗೆ ನಿಮಿರುವಿಕೆಯ ತೊಂದರೆ ಶುರುವಾಯಿತು. ಆ ಬಗ್ಗೆ ನಾನೂ ಹೆಂಡತಿಯೂ ಮಾತಾಡಲಿಲ್ಲ. ಮುಂಬಯಿಯ ಡೊಂಬಿವಲಿ ಲೋಕಲ್ ರೈಲಿನಲ್ಲಿ ಅಪರಿಚಿತರು ನನ್ನನ್ನು ತಾಗುವಷ್ಟೂ ಮನೆಯಲ್ಲಿ ನಾವು ಒಬ್ಬರನ್ನೊಬ್ಬರು ತಾಗುತ್ತಿರಲಿಲ್ಲ.

ಮಾತ್ರೆ ಒಗ್ಗಲಿಲ್ಲ. ಥಾಣೆಯ ಡಾಕ್ಟರು ನರಕ್ಕೆ ಸಣ್ಣಗೆ ವಿದ್ಯುತ್ ಹರಿಸುವ ಚಿಕಿತ್ಸೆ ಹೇಳಿದರು. ಆದರೆ ಪಟ್ಟಿ ಅಂಟಿಸುವುದು ಕಣಕಾಲಿಗೆ! ಅಲ್ಲಿನ ನರದ ಬೇರು ಬೆನ್ನುಹುರಿಯಲ್ಲಿ, ನಮಗೆ ಬೇಕಾದ ನರಗಳ ನೆರೆಯಲ್ಲೇ ಇದೆಯಂತೆ.

"ಇದು ಪೂರ್ತಿ ಸಾಬೀತಾಗಿದೆಯೇ?" ಎಂದೆ.

"ಇಲ್ಲ," ಎಂದರು. ಆ ಪ್ರಾಮಾಣಿಕತೆಗೆ ಮರುಳಾಗಿ ಒಪ್ಪಿದೆ.

ಮೂರನೆಯ ಸಲ ಹೋದಾಗ ಪಕ್ಕದ ಪರದೆ ಸರಿಯಿತು. ಅಲ್ಲಿದ್ದವರು ಹೆಂಡತಿಯ ಸೋದರಮಾವ, ಕಲ್ಯಾಣದಲ್ಲಿ ಹೋಟೆಲು ನಡೆಸುವವರು. ಭುಜದ ನೋವಿಗೆ ಬಂದಿದ್ದರು.

"ಎಂಥ ಮಾರ್ರೆ, ಕಾಲಿಗೆ ಕರೆಂಟಾ?"

"ಹಿಮ್ಮಡಿ ನೋವು ಮಾವ."

"ಮನೆಯಲ್ಲಿ ಹೇಳ್ಲಿಲ್ವಾ? ತಡೀರಿ, ನಾನೇ ಹೇಳ್ತೇನೆ."

ನನ್ನ ಲೋಕಲ್ ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಸುದ್ದಿ ಮನೆ ಸೇರಿತ್ತು. ಹೆಂಡತಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ವಿಧಿಯಿಲ್ಲದೆ ಕುಂಟಿದೆ. ಅಂದಿನಿಂದ ದಿನಾ ಸಂಜೆ ನನ್ನ ಹಿಮ್ಮಡಿ ತಿಕ್ಕಿದಳು. ಎಷ್ಟೋ ತಿಂಗಳ ಮೇಲೆ ಅವಳ ಕೈ ನನ್ನ ಮೈಮೇಲಿತ್ತು. ನಮ್ಮ ಹೌಸಿಂಗ್ ಸೊಸೈಟಿಯ ವಾಚ್‌ಮನ್ "ಆರಾಮ್ ಸೇ, ಸಾಬ್" ಎಂದು ಲಿಫ್ಟ್ ಹಿಡಿದು ನಿಲ್ಲುತ್ತಿದ್ದ, ಅವನೆದುರೂ ಕುಂಟಿದೆ.

ಕೆಲವು ವಾರಗಳಲ್ಲಿ ತೊಂದರೆ ನೀಗಿತು. ವಿದ್ಯುತ್ತಿನಿಂದಲೋ, ಎಣ್ಣೆಯಿಂದಲೋ? ಎರಡು ಚಿಕಿತ್ಸೆ ಒಟ್ಟಿಗೇ ನಡೆದರೆ ಯಾವುದನ್ನೂ ತೀರ್ಮಾನಿಸಲಾಗದು. ಆ ಸಂತೋಷದ ನಡುವೆಯೇ ಮಂಚದ ಮೇಲೆ ಎದ್ದು ಕೂತು ಅವಳಿಗೆ ಇದನ್ನು ವಿವರಿಸತೊಡಗಿದೆ. ಹಾಗೆ ಎಲ್ಲವನ್ನೂ ಒಪ್ಪಿಕೊಂಡಂತಾಯಿತು.

"ಗೊತ್ತುಂಟು," ಎಂದಳು. "ಪಟ್ಟಿಯ ಕೆಂಪು ಗುರುತು ಒಂದು ಕಾಲಲ್ಲಿ, ನೀವು ಕುಂಟುವುದು ಇನ್ನೊಂದರಲ್ಲಿ. ಆವತ್ತೇ ನಿಮ್ಮ ಡಾಕ್ಟರ ಫೈಲು ತೆಗೆದು ಓದಿದೆ."

"ಮತ್ತೆ ಎಣ್ಣೆ ಯಾಕೆ ತಿಕ್ಕಿದೆ?"

"ನೀವು ಬಾಯಿ ಬಿಡ್ಲಿ ಅಂತ ಕಾಯ್ತಿದ್ದೆ. ಕಾಯುವಾಗ ಕೈಗೆ ಎಂತಾದ್ರೂ ಕೆಲಸ ಬೇಡ್ವಾ ಮಾರ್ರೆ?"

ಎರಡೂ ಒಂದೇ ಕಾಲು ಎಂದು ನಾನು ವಾದಿಸಿದ ನೆನಪು. ಅವಳು ನಕ್ಕಳು, ಅದರಲ್ಲಿ ಮಾತ್ರ ಅನುಮಾನವಿಲ್ಲ. ಮೊನ್ನೆ ಬೀರುವಿನಿಂದ ಫೈಲು ತೆಗೆದು ನೋಡಿದೆ. ಪ್ರತಿ ಭೇಟಿಯ ಮುಂದೂ ಬರೆದಿರುವುದು ಎಡಗಾಲು. ಎಣ್ಣೆ ಕುಡಿದು ಕಪ್ಪಾಗಿರುವುದು ಆಗ ನಾನು ಮೆಟ್ಟುತ್ತಿದ್ದ ಬಲಗಾಲಿನ ಚಪ್ಪಲಿ.